ಸೀರಿಯಲ್ ನಂಬರ್ ಮುಚ್ಚಬೇಕಾ, ಬಿಡಬೇಕಾ?

ಪ್ರಶ್ನೆ: ಸರ್, ನಮಸ್ಕಾರ. ತುಂಬಾ ದಿನ ಹಣ ಕೂಡಿಟ್ಟು ಒಂದು ರೋಲೆಕ್ಸ್ ಸಬ್‌ಮರಿನರ್ ಕೊಂಡೆ. ಖುಷಿಗೆ ಹತ್ತಿರದಿಂದ ಫೋಟೊ ತೆಗೆದು ಆನ್‌ಲೈನ್‌ನಲ್ಲಿ ಹಾಕಿದೆ. ಒಬ್ಬರು, "ಸೀರಿಯಲ್ ನಂಬರ್ ಕಾಣ್ತಿದೆ, ಮೊದಲು ತೆಗೀರಿ" ಅಂದರು. ಇನ್ನೊಬ್ಬರು, "ಅದರಿಂದ ಏನೂ ಆಗಲ್ಲ, ಸುಮ್ನೆ ಹೆದರಿಸ್ತಾರೆ" ಅಂದರು. ರಿಪೇರಿ ಮೇಜಿನ ಮುಂದೆ ಕೂತು ವಾಚ್ ಬಿಚ್ಚುವ ನೀವೇ ಹೇಳಿ, ಯಾರ ಮಾತು ಕೇಳಲಿ?

ಉತ್ತರ: ಮೊದಲನೆಯವರ ಮಾತು ಕೇಳಿ, ನಂಬರ್ ಮುಚ್ಚಿ. ಆದರೆ ಎರಡನೆಯವರು ಹೇಳಿದ್ದರಲ್ಲೂ ಸ್ವಲ್ಪ ನಿಜ ಇದೆ. ಬರೀ ನಂಬರ್ ಹಿಡಿದುಕೊಂಡು ಯಾರೂ ನಿಮ್ಮ ಮನೆ ಹುಡುಕಿ ಬರಲಾರರು. ಮಾಲೀಕರ ಹೆಸರನ್ನು ಕಂಪನಿಗಳು ಹೊರಗಿನವರಿಗೆ ಕೊಡುವುದಿಲ್ಲ. ಪಟೆಕ್ ಫಿಲಿಪ್ ಅನ್ನುವ ಸ್ವಿಸ್ ವಾಚ್ ಕಂಪನಿ ತನ್ನ ಹಳೆಯ ದಾಖಲೆಯಿಂದ ಒಂದು ಪತ್ರ ಕೊಡುತ್ತದೆ. ಅದನ್ನು ಕೇಳುವವರು ಒಳಗಿನ ಯಂತ್ರದ ನಂಬರ್, ಕೇಸಿನ (ಹೊರಕವಚದ) ನಂಬರ್ ಎರಡನ್ನೂ ಕೊಡಬೇಕು. ಅಷ್ಟು ಕೊಟ್ಟರೂ ಪತ್ರದಲ್ಲಿ ಬರುವುದು ತಯಾರಾದ ಕಾಲ, ಮಾರಾಟವಾದ ಕಾಲ ಇಂಥವು. ಕೊಂಡವರು ಯಾರು ಎಂದು ಅದು ಹೇಳುವುದಿಲ್ಲ.

ಹಾಗಾದರೆ ತೊಂದರೆ ಎಲ್ಲಿ ಅಂತೀರಾ? ನನಗೆ ಜಾಸ್ತಿ ಚಿಂತೆ ಸುಳ್ಳು ಮಾರಾಟದ್ದು. ಒಬ್ಬ ಮೋಸಗಾರ ನಿಮ್ಮ ಫೋಟೊಗಳನ್ನು ಇಳಿಸಿಕೊಳ್ಳುತ್ತಾನೆ. ಡಯಲ್ ಇದೆ, ಹಿಂಭಾಗ ಇದೆ, ನಂಬರ್ ಇದೆ, ಅದೃಷ್ಟ ಚೆನ್ನಾಗಿದ್ದರೆ ವಾರಂಟಿ ಕಾರ್ಡೂ ಇದೆ. ಅವನ ಹತ್ತಿರ ಇಲ್ಲದಿರುವುದು ವಾಚ್ ಒಂದೇ. ಕೊಳ್ಳಲು ಬಂದವರು ಹುಷಾರಿನವರೇ ಆಗಿದ್ದು, ಕಳುವಾದ ವಾಚ್‌ಗಳ ಪಟ್ಟಿಯಲ್ಲಿ ನಂಬರ್ ಹುಡುಕುತ್ತಾರೆ ಅನ್ನಿ. ನಿಮ್ಮ ವಾಚ್ ಕಳುವಾಗಿಲ್ಲವಲ್ಲ, ಅಲ್ಲೇನೂ ಸಿಗುವುದಿಲ್ಲ. ಅದನ್ನೇ ನಂಬಿ ಹಣ ಕಳಿಸುತ್ತಾರೆ. ಅಲ್ಲಿಗೆ ನಿಮ್ಮ ನಂಬರ್ ಮತ್ತೊಬ್ಬರ ಹಣ ಮುಳುಗಿಸಿತು, ಅಲ್ವಾ?

ಇನ್ನೊಂದು, ನಕಲಿ ಮಾಡುವವರ ಕೆಲಸ. ಅವರಿಗೆ ಅಸಲಿ ನಂಬರ್ ಬೇಕು. ಒಂದು ಸಿಕ್ಕರೆ ಅದನ್ನೇ ಎಷ್ಟೋ ವಾಚ್‌ಗಳ ಮೇಲೆ ಕೆತ್ತುತ್ತಾರೆ. ನನ್ನ ಮೇಜಿಗೆ ಒಂದು ಹಳೇ ಮಾದರಿಯ ವಾಚ್ ಬಂದಿತ್ತು. ಬಾಕ್ಸ್ ಇತ್ತು, ಕಾರ್ಡ್ ಇತ್ತು, ನಂಬರ್ ಎರಡೂ ಕಡೆ ತಾಳೆ ಆಗುತ್ತಿತ್ತು. ಬ್ರೇಸ್‌ಲೆಟ್ ಬಿಚ್ಚಿ, ಎರಡು ಲಗ್‌ಗಳ (ಬ್ರೇಸ್‌ಲೆಟ್ ಸೇರುವ, ಕೇಸಿನ ಕೊಂಬುಗಳ) ನಡುವಿನ ಜಾಗವನ್ನು ಲೂಪ್‌ನಲ್ಲಿ, ಅಂದರೆ ಕಣ್ಣಿಗೆ ಹಿಡಿಯುವ ಭೂತಗನ್ನಡಿಯಲ್ಲಿ ನೋಡಿದೆ. ಅಸಲಿ ಕೆತ್ತನೆಯಲ್ಲಿ ಗೆರೆ ಆಳವಾಗಿ, ಚೊಕ್ಕವಾಗಿ ಇರುತ್ತದೆ. ವಾಚನ್ನು ಸ್ವಲ್ಪ ಓರೆ ಮಾಡಿದರೆ ಗೆರೆಯ ಅಂಚಿನಲ್ಲಿ ಬೆಳಕು ಹರಿಯುತ್ತದೆ. ಇದರಲ್ಲಿ ಅಂಕಿಗಳು ಮರಳು ಉದುರಿಸಿದ ಹಾಗೆ ತರಿತರಿಯಾಗಿದ್ದವು. ಒಳಗೆ ತೆರೆದು ನೋಡಿದರೆ ಯಂತ್ರವೂ ಬೇರೆ. ತಂದವರು ಪೂರ್ತಿ ಹಣ ಕೊಟ್ಟು ಕೊಂಡಿದ್ದರು. ಅವರ ಮುಖ ನೋಡಲಾಗಲಿಲ್ಲ. ಆ ನಂಬರಿನ ಅಸಲಿ ವಾಚ್ ಎಲ್ಲೋ ಯಾರದೋ ಕೈಯಲ್ಲಿದೆ. ನಾಳೆ ಅವರು ಮಾರಲು ಹೊರಟಾಗ, "ಈ ನಂಬರಿನ ನಕಲಿ ಓಡಾಡ್ತಿದೆ" ಅನ್ನುವ ಮಾತು ಕೇಳಬೇಕಾಗಬಹುದು. ತಪ್ಪೇ ಮಾಡದವರು ತಮ್ಮದು ಅಸಲಿ ಎಂದು ಸಾಬೀತು ಮಾಡುತ್ತಾ ಕೂರಬೇಕು.

ನಿಮ್ಮ ನಂಬರ್ ಕೊಟ್ಟು "ಇದು ನನ್ನ ಕಳುವಾದ ವಾಚ್" ಎಂದು ಯಾರಾದರೂ ಸುಳ್ಳು ದೂರು ಕೊಟ್ಟರೆ ಎಂಬ ಭಯವೂ ಕೆಲವರಿಗೆ ಇದೆ. ಬಿಲ್ಲು, ಕಾರ್ಡು ನಿಮ್ಮ ಹತ್ತಿರ ಇದ್ದರೆ ಅದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಈಗ ಮುಚ್ಚುವ ವಿಷಯ. ಮೊದಲು ನಂಬರ್ ಎಲ್ಲಿದೆ ಎಂದು ಗೊತ್ತಿರಬೇಕು. ಹಳೆಯ ರೋಲೆಕ್ಸ್‌ಗಳಲ್ಲಿ ಅದು 6 ಗಂಟೆಯ ಕಡೆ ಲಗ್‌ಗಳ ನಡುವೆ, ಬ್ರೇಸ್‌ಲೆಟ್ ಅಡಿಯಲ್ಲಿ ಅಡಗಿರುತ್ತಿತ್ತು. ಬಿಚ್ಚದೆ ಕಾಣುತ್ತಿರಲಿಲ್ಲ. 2005ರ ಸುಮಾರಿಗೆ ಅದನ್ನು ಡಯಲ್ ಸುತ್ತಲಿನ ಒಳಗಿನ ಉಂಗುರದ ಮೇಲೂ ಕೆತ್ತಲು ಶುರು ಮಾಡಿದರು. ಉಂಗುರದ ತುಂಬ ಕಂಪನಿಯ ಹೆಸರು ಸುತ್ತಿ ಬರುತ್ತದೆ, ಮೇಲೆ 12ರ ಹತ್ತಿರ ಕಿರೀಟ, ಕೆಳಗೆ 6ರ ಹತ್ತಿರ ನಿಮ್ಮ ನಂಬರ್. ಅಂದರೆ ನೀವು ಡಯಲ್ ಚೆಂದಕ್ಕೆ ಫೋಟೊ ತೆಗೆದರೂ ಅದು ಬಂದುಬಿಡುತ್ತದೆ. ನಿಮಗೆ ಆದದ್ದೂ ಇದೇ ಇರಬೇಕು. ಈಗಿನ ಫೋನ್ ಕ್ಯಾಮೆರಾದಲ್ಲಿ ತೆಗೆದದ್ದನ್ನು ಹಿಗ್ಗಿಸಿದರೆ ಒಂದೊಂದು ಅಂಕಿಯೂ ಓದಬಹುದು. ಹೊಸ ಒಮೆಗಾಗಳಲ್ಲಿ ಲಗ್‌ನ ಹಿಂಬದಿ ನೋಡಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಬೇರೆ ಬಹಳಷ್ಟು ವಾಚ್‌ಗಳಲ್ಲಿ ಹಿಂಬದಿಯ ಮುಚ್ಚಳದ ಮೇಲೆ. ಹಿಂಬದಿಗೆ ಗಾಜು ಇರುವ ವಾಚ್ ಆದರೆ ಯಂತ್ರದ ಮೇಲಿನ ನಂಬರೂ ಕಾಣಬಹುದು. ಇಷ್ಟೆಲ್ಲ ಮುಚ್ಚಿ, ಪಕ್ಕದಲ್ಲಿ ವಾರಂಟಿ ಕಾರ್ಡ್ ಅಂಗಾತ ಇಟ್ಟು ಫೋಟೊ ತೆಗೆಯುವವರನ್ನೂ ನೋಡಿದ್ದೇನೆ. ಕಾರ್ಡ್, ಬಾಕ್ಸಿನ ಚೀಟಿ, ಸರ್ವಿಸ್ ಬಿಲ್ಲು ಯಾವುದೂ ಬೇಡ.

ಮಸುಕು ಮಾಡುವುದನ್ನು ನಂಬಬೇಡಿ. ಚೌಕ ಚೌಕವಾಗಿ ಒಡೆದು ಕಾಣುವಂತೆ ಮಾಡಿದ ಅಂಕಿಗಳನ್ನು, ಹತ್ತೂ ಅಂಕಿಗಳನ್ನು ಅದೇ ರೀತಿ ಒಡೆದು ಹೋಲಿಸಿ, ಊಹಿಸಿಬಿಡಬಹುದು. ಫೋನಿನ ಮಾರ್ಕರ್ ಪೆನ್ನು ಪಾರದರ್ಶಕ. ಅದರ ಮೇಲೆ ಬೆಳಕು ಹೆಚ್ಚಿಸಿದರೆ ಅಡಿಯ ಅಕ್ಷರ ಎದ್ದು ಬರುತ್ತದೆ. ಕತ್ತರಿಸಿದರೆ ಸಾಕು ಅನ್ನುವ ಹಾಗೂ ಇಲ್ಲ. 2023ರಲ್ಲಿ ಗೂಗಲ್ ಪಿಕ್ಸೆಲ್ ಫೋನಿನ ಚಿತ್ರ ತಿದ್ದುವ ಆ್ಯಪ್‌ನಲ್ಲಿ, ಆಮೇಲೆ ವಿಂಡೋಸ್‌ನ ಸ್ಕ್ರೀನ್ ಕತ್ತರಿಸುವ ಸಾಧನದಲ್ಲೂ ಒಂದು ದೋಷ ಪತ್ತೆಯಾಯಿತು. ಕತ್ತರಿಸಿ ಬಿಟ್ಟ ಭಾಗ ಫೈಲಿನೊಳಗೇ ಉಳಿದುಬಿಡುತ್ತಿತ್ತು, ಅದನ್ನು ವಾಪಸ್ ತೆಗೆಯಲು ಆಗುತ್ತಿತ್ತು. ಅದನ್ನು ಸರಿಪಡಿಸಿದ್ದಾರೆ. ಆದರೂ ಫೋಟೊ ತೆಗೆಯುವ ಮೊದಲೇ ಮುಚ್ಚುವುದು ನನಗೆ ಸಮಾಧಾನ. ಹಿಂಬದಿಯಾದರೆ ಸಣ್ಣ ಕಾಗದದ ಚೂರು ಇಡಿ. ಒಳ ಉಂಗುರವಾದರೆ ವಾಚನ್ನು ಸ್ವಲ್ಪ ತಿರುಗಿಸಿ, 6ರ ಭಾಗಕ್ಕೆ ನೆರಳು ಬೀಳುವಂತೆ ಮಾಡಿ. ಆಗಿಹೋದ ಫೋಟೊ ಆದರೆ ದಟ್ಟ ಕಪ್ಪು ಪಟ್ಟಿ ಎಳೆದು, ಅದರ ಸ್ಕ್ರೀನ್‌ಶಾಟ್ ತೆಗೆದು ಅದನ್ನು ಹಾಕಿ. ಒಂದು ಮಾತು ಮಾತ್ರ ನೆನಪಿಡಿ. ವಾಚ್ ಮೇಲಿನ ನಂಬರ್‌ಗೆ ಕೈ ಹಚ್ಚಬೇಡಿ. ಉಜ್ಜಿ ಅಳಿಸಿದ ವಾಚನ್ನು ನೋಡಿದವರು ಮೊದಲು ಅನುಮಾನ ಪಡುವುದೇ ಕಳ್ಳಮಾಲು ಎಂದು.

ನಂಬರ್‌ಗಿಂತ ದೊಡ್ಡ ವಿಷಯವೊಂದಿದೆ, ಅದನ್ನು ಯಾಕೋ ಯಾರೂ ಕೇಳುವುದಿಲ್ಲ. ನಿಮ್ಮ ನಿಜವಾದ ಹೆಸರು, ಹಿಂದೆ ಕಾಣುವ ಮನೆಯ ಕಿಟಕಿ, "ನಾಳೆಯಿಂದ ವಾರ ಪೂರ್ತಿ ಪ್ರವಾಸ" ಅನ್ನುವ ಸಾಲು. ಕಳ್ಳನಿಗೆ ಬೇಕಾದದ್ದು ಇದು. ಫೋಟೊ ಫೈಲಿನೊಳಗೆ ತೆಗೆದ ಜಾಗದ ಗುರುತು ಸೇರಿರಬಹುದು, ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಿ. ನಂಬರ್ ಮುಚ್ಚಿ ವಿಳಾಸ ತೋರಿಸಿದರೆ ಏನು ಪ್ರಯೋಜನ?

ಹಾಗೇ, ನಂಬರ್ ಕಾಣುವ ಒಂದು ಸ್ಪಷ್ಟ ಫೋಟೊ ನಿಮಗಾಗಿ ತೆಗೆದಿಟ್ಟುಕೊಳ್ಳಿ. ವಾಚ್ ಇರುವ ಬಾಕ್ಸಿನಲ್ಲಿ ಬೇಡ, ಬೇರೆ ಕಡೆ. ಕೇಸಿನ ಮೇಲಿನ ಗೀರುಗಳೂ ಅದರಲ್ಲಿ ಬರಲಿ. ಕಳುವಾದರೆ ಪೊಲೀಸರು ಕೇಳುವುದು ಈ ನಂಬರ್. ಕಳುವಾದ ವಾಚ್‌ಗಳ ಪಟ್ಟಿ ಇಡುವ ಲಂಡನ್‌ನ ವಾಚ್ ರಿಜಿಸ್ಟರ್ ಆಗಲಿ, ಹಲವು ವಾಚ್ ಕಂಪನಿಗಳ ಒಡೆಯ ರಿಶ್ಮಾಂ ಗುಂಪು 2023ರಲ್ಲಿ ಶುರು ಮಾಡಿದ ಅಂಥದ್ದೇ ಎನ್‌ಕ್ವೈರಸ್ ಆಗಲಿ, ನಂಬರ್ ಇಲ್ಲದೆ ನಿಮ್ಮ ವಾಚನ್ನು ಗುರುತಿಸುವುದು ಕಷ್ಟ. ಕಳುವಾದ ದಿನ ಮುಚ್ಚುವ ಮಾತೇ ಇಲ್ಲ. ಎಷ್ಟು ಜನಕ್ಕೆ ಗೊತ್ತಾದರೆ ಅಷ್ಟು ಒಳ್ಳೆಯದು.

ಪ್ರಶ್ನೆ: ಹಳೆಯ ವಾಚ್ ಕೊಳ್ಳಬೇಕೆಂದಿದ್ದೇನೆ. ಮಾರುವವರು ಫೋಟೊದಲ್ಲಿ ನಂಬರ್ ಮುಚ್ಚಿದ್ದಾರೆ. ಕೇಳಿದರೆ "ಸುರಕ್ಷತೆಗೆ" ಅನ್ನುತ್ತಾರೆ. ನಂಬಬಹುದಾ?

ಉತ್ತರ: ಎಲ್ಲರಿಗೂ ಕಾಣುವ ಕಡೆ ಮುಚ್ಚಿದ್ದರೆ ಅದು ಸರಿಯೇ, ಅಮ್ಮಾ. ಆದರೆ ಕೊಳ್ಳುವ ಮಾತು ಗಟ್ಟಿಯಾದ ಮೇಲೂ ನಿಮಗೆ ಖಾಸಗಿಯಾಗಿ ಪೂರ್ತಿ ನಂಬರ್ ಕೊಡಲ್ಲ ಅಂದರೆ ಆ ವಾಚ್ ಬಿಟ್ಟುಬಿಡಿ. ಎಷ್ಟು ಕಡಿಮೆಗೆ ಬಂದರೂ ಬೇಡ. ಕಳುವಾದ ಪಟ್ಟಿಯಲ್ಲಿ ಪರೀಕ್ಷಿಸದೆ ಹಣ ಕೊಡಬಾರದು, ಪರೀಕ್ಷಿಸಲು ನಂಬರ್ ಬೇಕೇ ಬೇಕು.

ಒಳ್ಳೆಯ ಮಾರಾಟಗಾರರು ಒಂದು ಮಧ್ಯದ ದಾರಿ ಹಿಡಿಯುತ್ತಾರೆ. ಮೊದಲ ಕೆಲವು ಅಂಕಿ ತೋರಿಸಿ, ಕೊನೆಯ ಮೂರು ಮುಚ್ಚುತ್ತಾರೆ. ಹಳೆಯ ರೋಲೆಕ್ಸ್‌ನಲ್ಲಿ ಇದು ಉಪಯೋಗಕ್ಕೆ ಬರುತ್ತದೆ. ಸುಮಾರು 2010ರವರೆಗಿನ ನಂಬರ್‌ಗಳು ಕ್ರಮವಾಗಿ ಬರುತ್ತಿದ್ದವು, ಹಾಗಾಗಿ ಶುರುವಿನ ಭಾಗ ನೋಡಿದರೆ ತಯಾರಾದ ವರ್ಷ ಅಂದಾಜಾಗುತ್ತದೆ. ಆಮೇಲಿನವುಗಳಲ್ಲಿ ಅಕ್ಷರ, ಅಂಕಿ ಕಲಸಿ ಬರುವುದರಿಂದ ಅರ್ಧ ನಂಬರ್‌ನಿಂದ ವರ್ಷ ತಿಳಿಯುವುದಿಲ್ಲ.

ಇನ್ನೂ ಒಂದು ಮಾಡಿ. ನೀವು ಹೇಳಿದ ಒಂದು ಪದವನ್ನು ಕಾಗದದ ಮೇಲೆ ಬರೆದು, ವಾಚ್ ಪಕ್ಕ ಇಟ್ಟು, ಮುಳ್ಳುಗಳನ್ನು ನೀವು ಹೇಳಿದ ಸಮಯಕ್ಕೆ ತಿರುಗಿಸಿ ಒಂದು ಸಣ್ಣ ವಿಡಿಯೊ ಕಳಿಸಲು ಹೇಳಿ. ಬೇರೆಯವರ ಫೋಟೊ ಕದ್ದವನಿಗೆ ಇದು ಸುಲಭ ಇಲ್ಲ. ವಾಚ್ ಕೈಗೆ ಬಂದ ಮೇಲೆ ರಿಪೇರಿಯವರ ಹತ್ತಿರ ಬಿಚ್ಚಿಸಿ ನಂಬರ್ ತಾಳೆ ನೋಡಿ, ಆಮೇಲೆ ಪೂರ್ತಿ ಹಣ.

ಪ್ರಶ್ನೆ: ನನ್ನ ವಾಚಿನ ನಂಬರ್ ಕಾಣುವ ಫೋಟೊಗಳು ಎಷ್ಟೋ ಕಾಲದಿಂದ ಆನ್‌ಲೈನ್‌ನಲ್ಲಿವೆ. ಈಗೇನು ಮಾಡಲಿ?

ಉತ್ತರ: ಗಾಬರಿ ಬೇಡ. ಸಿಕ್ಕಷ್ಟು ಫೋಟೊ ತೆಗೆದುಹಾಕಿ. ಬಿಲ್ಲು, ಕಾರ್ಡು, ಸರ್ವಿಸ್ ಚೀಟಿ ಒಟ್ಟಿಗೆ ಜೋಪಾನ ಮಾಡಿ. ಆಗಾಗ ನಿಮ್ಮ ನಂಬರನ್ನು ನೀವೇ ಆನ್‌ಲೈನ್‌ನಲ್ಲಿ ಹುಡುಕಿ ನೋಡಿ. ಅದೇ ನಂಬರಿನ ವಾಚ್ ಮಾರಾಟಕ್ಕಿದ್ದರೆ ಆ ಜಾಹೀರಾತು ಹಾಕಿದ ಕಡೆಗೆ ಬಿಲ್ಲಿನ ಜೊತೆ ದೂರು ಕೊಡಿ. ಬಿಲ್ಲಿನಲ್ಲಿರುವ ವಿಳಾಸ ಮಾತ್ರ ಮುಚ್ಚಿ ಕಳಿಸಿ.