ಮುಂದಕ್ಕೆ ಜಿಗಿದು ಹಿಡಿದ ಚೆಂಡು ಕ್ಯಾಚೋ, ನೆಲ ತಾಕಿದ್ದೋ: ಬೇಸ್‌ಬಾಲ್ ಅಂಪೈರ್ ಹೇಗೆ ನಿರ್ಧರಿಸುತ್ತಾರೆ?

ನಿಯಮ ಸರಳ. ಚೆಂಡು ನೆಲ ಮುಟ್ಟುವ ಮೊದಲೇ ಫೀಲ್ಡರ್‌ನ ಕೈ ಅಥವಾ ಗ್ಲೌಸ್‌ನಲ್ಲಿ ಭದ್ರವಾಗಿ ಸಿಕ್ಕಿರಬೇಕು, ಅದರ ಮೇಲೆ ಅವನಿಗೆ ಪೂರ್ತಿ ಹಿಡಿತವಿರಬೇಕು. ಪುಟಿದ ಕ್ಷಣದಲ್ಲೇ ಗ್ಲೌಸ್‌ಗೆ ಸೇರಿದರೆ ಅದು ಟ್ರ್ಯಾಪ್, ಬ್ಯಾಟರ್ ಔಟಲ್ಲ.

ಕಷ್ಟವಿರುವುದು ನೋಡುವುದರಲ್ಲಿ. ಫೀಲ್ಡರ್‌ನ ಬೆನ್ನ ಹಿಂದಿನಿಂದಾಗಲಿ ನೇರ ಎದುರಿನಿಂದಾಗಲಿ ಚೆಂಡಿಗೂ ಹುಲ್ಲಿಗೂ ನಡುವಿನ ಅಂತರ ಕಾಣುವುದಿಲ್ಲ. ಹಾಗಾಗಿ ಅಂಪೈರ್ ಪಕ್ಕದ ಕೋನಕ್ಕೆ ಓಡುತ್ತಾರೆ, ಚೆಂಡು ಬೀಳುವ ಹೊತ್ತಿಗೆ ನಿಂತುಬಿಡುತ್ತಾರೆ; ಓಡುವಾಗ ಕಣ್ಣೂ ಕುಲುಕುತ್ತದೆ. ಗ್ಲೌಸ್ ಚೆಂಡಿನ ಅಡಿಗೆ ಹೋಯಿತೇ, ಮೇಲಿನಿಂದ ಮುಚ್ಚಿತೇ ಎಂಬುದೇ ಮುಖ್ಯ ಸುಳಿವು. ಫೀಲ್ಡರ್‌ನ ಮುಖಭಾವವನ್ನು ಮಾತ್ರ ನಂಬಬಾರದು: ಗ್ಲೌಸ್ ಎತ್ತಿ ತೋರಿಸುವುದಕ್ಕೆ ಯಾರೂ ನಾಚುವುದಿಲ್ಲ! ಆದರೆ ಎದ್ದವನೇ ಗಾಬರಿಯಿಂದ ಚೆಂಡೆಸೆದರೆ ನನಗಂತೂ ಅನುಮಾನ.

ತೀರ್ಪನ್ನು ತಕ್ಷಣ, ದೊಡ್ಡದಾಗಿ ತೋರಿಸಬೇಕು: ಕ್ಯಾಚಾದರೆ ಮುಷ್ಟಿ ಎತ್ತಿ ಔಟ್, ಇಲ್ಲದಿದ್ದರೆ ಎರಡೂ ತೋಳು ಚಾಚಿ ‘ನೋ ಕ್ಯಾಚ್’. ಬೇಸ್‌ಗಳಲ್ಲಿ, ಅಂದರೆ ಓಟದ ದಾರಿಯ ನಿಲ್ದಾಣಗಳಲ್ಲಿ, ಇರುವ ಓಟಗಾರರು ಮುಂದೋಡಬೇಕೋ ಮರಳಬೇಕೋ ಎಂಬುದು ಇದನ್ನೇ ಅವಲಂಬಿಸಿದೆ. ಕ್ಯಾಚ್ ಎಂದು ಸಾರಿ ಆಮೇಲೆ ಬದಲಿಸಿದರೆ, ಅಷ್ಟರಲ್ಲಿ ಆಟ ನಿಲ್ಲಿಸಿದವರನ್ನು ಯಾವ ಬೇಸ್‌ನಲ್ಲಿ ನಿಲ್ಲಿಸುವುದು? ‘ನೋ ಕ್ಯಾಚ್’ ತಿದ್ದುವುದು ಅದಕ್ಕಿಂತ ಸುಲಭ: ಬ್ಯಾಟರ್ ಔಟ್, ಓಟಗಾರರು ತಮ್ಮ ಬೇಸ್‌ಗೆ ವಾಪಸ್.

ಅಮೆರಿಕದ ಅಗ್ರ ವೃತ್ತಿಪರ ಲೀಗ್ ಆದ ಮೇಜರ್ ಲೀಗ್‌ನಲ್ಲಿ 2014ರಿಂದ ಔಟ್‌ಫೀಲ್ಡ್‌ನ ಇಂಥ ತೀರ್ಪುಗಳನ್ನು ವಿಡಿಯೊ ನೋಡಿ ಮರುಪರಿಶೀಲಿಸಬಹುದು. ವಿಡಿಯೊ ಸೌಲಭ್ಯವಿಲ್ಲದ ಮೈದಾನಗಳಲ್ಲಿ ಜೊತೆಗಿರುವ ಇನ್ನೊಬ್ಬ ಅಂಪೈರ್‌ನ ಕಣ್ಣೇ ಗತಿ.