ನಕ್ಷತ್ರ ಎಷ್ಟು ಎಂದು ಕೇಳಬೇಡಿ

ಪ್ರಶ್ನೆ: ನೀವು ಹೊಗಳಿದ ಹೊಸ ಸಿನಿಮಾಗಳಿಗೆ ಹೋಗಿ ನಿದ್ದೆ ಮಾಡಿ ಬಂದಿದ್ದೇನೆ. ಇನ್ನು ಮುಂದೆ ನಿಮ್ಮನ್ನು ನಂಬಬಹುದೇ?

ಉತ್ತರ: ಧಾರಾಳವಾಗಿ ನಂಬಿ ಸ್ವಾಮಿ, ಆದರೆ ತಿರುವುಮುರುವಾಗಿ. ನಾನು ಬೈದ ಸಿನಿಮಾಕ್ಕೆ ಹೋಗಿ. ನಿಮ್ಮ ರುಚಿಗೆ ಸದಾ ವಿರುದ್ಧವಾಗಿರುವ ವಿಮರ್ಶಕಿ ಸಿಗುವುದೂ ಒಂದು ಪುಣ್ಯ. ಒಮ್ಮೆ ಹೀಗೆ, ಒಮ್ಮೆ ಹಾಗೆ ಹೇಳುವವರನ್ನು ಕಟ್ಟಿಕೊಂಡು ಏನೂ ಮಾಡಲಾಗದು. ನನ್ನ ಜಾತಕವನ್ನೂ ಹೇಳಿಬಿಡುತ್ತೇನೆ: ಹೊಡೆದಾಟ ಶುರುವಾದರೆ ನನಗೆ ಆಕಳಿಕೆ ಬರುತ್ತದೆ. ಇಬ್ಬರು ಮುದುಕರು ಎದುರುಬದುರು ಕುಳಿತು ಹಳೆಯ ಸಾಲದ ಮಾತೆತ್ತಿದರೆ ರೆಪ್ಪೆ ಬಡಿಯದೆ ನೋಡುತ್ತೇನೆ. ಹಿನ್ನೆಲೆ ಸಂಗೀತ ನನಗಿಂತ ಮೊದಲೇ ಅಳತೊಡಗಿದರೆ ಸಿಟ್ಟು ನೆತ್ತಿಗೇರುತ್ತದೆ. ಇಷ್ಟು ತಿಳಿದ ಮೇಲೆ ನನ್ನ ಮಾತನ್ನು ಎಷ್ಟು ಕಳೆದು ಎಷ್ಟು ಉಳಿಸಿಕೊಳ್ಳಬೇಕೆಂಬ ಲೆಕ್ಕ ನಿಮ್ಮದು.

ಪ್ರಶ್ನೆ: ರಾಟನ್ ಟೊಮೇಟೋಸ್ ಜಾಲತಾಣದಲ್ಲಿ ಒಂದು ಸಿನಿಮಾಕ್ಕೆ ಶೇ. 95, ಇನ್ನೊಂದಕ್ಕೆ ಶೇ. 70 ಇತ್ತು. ಎರಡನೆಯದೇ ನನಗೆ ಹಿಡಿಸಿತು. ನನ್ನ ಅಭಿರುಚಿಯೇ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. 1998ರಲ್ಲಿ ಆರಂಭವಾದ ಆ ತಾಣದ ಶೇಕಡಾವಾರು ಲೆಕ್ಕವನ್ನು ಬಹಳ ಜನ ಪರೀಕ್ಷೆಯ ಅಂಕದಂತೆ ಓದುತ್ತಾರೆ. ನೂರು ವಿಮರ್ಶಕರಲ್ಲಿ ಎಷ್ಟು ಮಂದಿಗೆ ಸಿನಿಮಾ ಒಪ್ಪಿಗೆಯಾಯಿತು ಎಂಬುದಷ್ಟೇ ಅದರಲ್ಲಿದೆ. ಎಷ್ಟರ ಮಟ್ಟಿಗೆ ಒಪ್ಪಿಗೆಯಾಯಿತು ಎಂಬುದು ಇಲ್ಲ. ಶೇ. 60 ಮುಟ್ಟಿದರೆ ಟೊಮೇಟೊ ತಾಜಾ, ಇಲ್ಲದಿದ್ದರೆ ಕೊಳೆತದ್ದು. ನೂರಕ್ಕೆ ನೂರು ಮಂದಿ ‘ಪರವಾಗಿಲ್ಲ, ಒಮ್ಮೆ ನೋಡಬಹುದು’ ಎಂದು ಗೊಣಗಿದರೂ ಪೂರ್ತಿ ನೂರು ಸಿಗುತ್ತದೆ. ಎಪ್ಪತ್ತು ಮಂದಿ ತಲೆಯ ಮೇಲೆ ಹೊತ್ತು ಕುಣಿದು, ಮೂವತ್ತು ಮಂದಿ ಬೈದುಕೊಂಡು ಎದ್ದುಬಂದರೆ ಬರೀ ಎಪ್ಪತ್ತು. ನಾನು ಮೊದಲು ಟಿಕೆಟ್ ಕೊಳ್ಳುವುದು ಈ ಎರಡನೆಯ ಜಾತಿಯ ಸಿನಿಮಾಕ್ಕೆ.

ಪ್ರಶ್ನೆ: ಸಿನಿಮಾ ನೋಡಿ ಹೊರಬಂದ ಕೂಡಲೇ ನನಗೂ ನನ್ನ ಯಜಮಾನರಿಗೂ ಜಗಳ. ಯಾರು ಸರಿ?

ಉತ್ತರ: ಜಗಳಕ್ಕೆ ಎಡೆಮಾಡಿಕೊಟ್ಟ ಸಿನಿಮಾ.

ಪ್ರಶ್ನೆ: ಹೋಟೆಲುಗಳ ಬಗ್ಗೆ ಇಂಟರ್ನೆಟ್ಟಿನಲ್ಲಿ ಬರುವ ಮೆಚ್ಚುಗೆಗಳನ್ನು ನಂಬಬಹುದೇ?

ಉತ್ತರ: 2017ರಲ್ಲಿ ಲಂಡನ್ನಿನ ಊಬಾ ಬಟ್ಲರ್ ಎಂಬ ಪತ್ರಕರ್ತ ತಾನು ವಾಸವಿದ್ದ ಹಿತ್ತಲ ಶೆಡ್ಡನ್ನೇ ಹೋಟೆಲೆಂದು, ಗಿರಾಕಿಗಳು ಅಭಿಪ್ರಾಯ ಬರೆಯುವ ಟ್ರಿಪ್‌ಅಡ್ವೈಸರ್ ತಾಣದಲ್ಲಿ ನೋಂದಾಯಿಸಿದ. ಒಲೆಯಿಲ್ಲ, ಬಾಣಸಿಗನಿಲ್ಲ. ತಿನಿಸುಗಳ ಫೋಟೊಗೆ ಗಡ್ಡ ಬೋಳಿಸುವ ಕ್ರೀಮನ್ನು ನೊರೆಯಾಗಿ ಬಳಸಿದ. ಗೆಳೆಯರಿಂದ ಮೆಚ್ಚುಗೆ ಬರೆಸಿದ. ಕರೆ ಮಾಡಿದವರಿಗೆಲ್ಲ ‘ಜಾಗ ಇಲ್ಲ’ ಎಂದ. ಅವನ ಜಾಣತನವೆಲ್ಲ ಈ ಕೊನೆಯದರಲ್ಲಿದೆ, ಸಿಗದ ಊಟಕ್ಕೆ ರುಚಿ ಹೆಚ್ಚು ನೋಡಿ. ಕೆಲವೇ ತಿಂಗಳಲ್ಲಿ ಇಲ್ಲದ ಆ ಹೋಟೆಲು ಇಡೀ ಲಂಡನ್ನಿಗೆ ಮೊದಲ ಸ್ಥಾನಕ್ಕೇರಿತು. ಕೊನೆಗೆ ಒಂದು ರಾತ್ರಿ ನಿಜವಾಗಿಯೂ ಬಾಗಿಲು ತೆರೆದು, ಅಂಗಡಿಯಿಂದ ತಂದ ಸಿದ್ಧ ಆಹಾರವನ್ನು ಬಿಸಿ ಮಾಡಿ ಬಡಿಸಿದರೆ, ಉಂಡವರಲ್ಲಿ ಕೆಲವರು ಮತ್ತೆ ಬರುತ್ತೇವೆ ಎಂದರಂತೆ!

ಹಾಗಾಗಿ ನಾನು ನಕ್ಷತ್ರಗಳನ್ನು ಬಿಟ್ಟು ವಾಕ್ಯಗಳನ್ನು ಓದುತ್ತೇನೆ. ‘ಅದ್ಭುತ, ಎಲ್ಲರೂ ಹೋಗಲೇಬೇಕು’ ಎಂದಿದ್ದರೆ ಮುಂದಕ್ಕೆ ಹೋಗುತ್ತೇನೆ. ‘ಮಧ್ಯಾಹ್ನ ಮೂರಕ್ಕೆ ಹೋದೆವು, ಉಪ್ಪು ತುಸು ಮುಂದಿತ್ತು, ಕೇಳಿದ ಮೇಲೆಯೇ ನೀರು ಬಂತು, ಆದರೂ ಅಮ್ಮ ಎರಡನೆಯ ಸಲ ಬಡಿಸಿಕೊಂಡಳು’ ಎಂದು ಬರೆದವರು ಅಲ್ಲಿ ಕುಳಿತು ಉಂಡಿರುತ್ತಾರೆ.

ಪ್ರಶ್ನೆ: ಮಿಷೆಲಿನ್ ನಕ್ಷತ್ರವೂ ಸುಳ್ಳೇ?

ಉತ್ತರ: ಅಲ್ಲ, ಆದರೆ ಅದರ ಹುಟ್ಟು ಅಡುಗೆಮನೆಯಲ್ಲಿ ಆದದ್ದಲ್ಲ. ಮಿಷೆಲಿನ್ ಎಂಬ ಫ್ರಾನ್ಸಿನ ಟೈರ್ ಕಂಪನಿ 1900ರಲ್ಲಿ ಕಾರು ಓಡಿಸುವವರಿಗೆ ಹಂಚಿದ ಕೈಪಿಡಿ ಅದು. ಜನ ಹೆಚ್ಚು ತಿರುಗಿದರೆ ತಾನೇ ಟೈರು ಸವೆಯುವುದು? 1926ರಿಂದ ಅದರಲ್ಲಿ ಒಳ್ಳೆಯ ಹೋಟೆಲುಗಳಿಗೆ ನಕ್ಷತ್ರ ಬಂತು. ಒಂದು ನಕ್ಷತ್ರವಾದರೆ ದಾರಿಯಲ್ಲಿ ಸಿಕ್ಕಾಗ ಇಳಿಯಿರಿ, ಎರಡಾದರೆ ದಾರಿ ಬಿಟ್ಟು ಸುತ್ತಿಬಂದರೂ ಸರಿ, ಮೂರಾದರೆ ಅದಕ್ಕೆಂದೇ ಪ್ರಯಾಣ ಕಟ್ಟಿ ಎಂದು ಅರ್ಥ. ಪರಿವೀಕ್ಷಕರು ಗುರುತು ಹೇಳದೆ ಹೋಗಿ ಉಂಡು, ಬಿಲ್ ತೆತ್ತು ಬರುತ್ತಾರೆ. ರುಚಿಯನ್ನು ದಾರಿಯ ದೂರದ ಲೆಕ್ಕದಲ್ಲಿ ಅಳೆಯುವ ಈ ಉಪಾಯ ನನಗೆ ಬಹಳ ಇಷ್ಟ. ಸಿನಿಮಾಕ್ಕೂ ಇದನ್ನೇ ಹಚ್ಚುತ್ತೇನೆ: ನಡೆದು ಹೋಗಬಹುದಾದದ್ದು, ಬಸ್ಸು ಬದಲಿಸಿ ಹೋಗಬೇಕಾದದ್ದು, ರಜೆ ಹಾಕಿ ಹೋಗಬೇಕಾದದ್ದು.

ಪ್ರಶ್ನೆ: ನನ್ನ ಮೆಚ್ಚಿನ ಪುಟ್ಟ ಹೋಟೆಲಿನ ಬಗ್ಗೆ ಬರೆದರೆ ಜನ ಮುತ್ತಿಕೊಂಡು ನನಗೇ ಜಾಗವಿಲ್ಲದಂತಾಗುವ ಭಯ. ಬರೆಯಲೇ?

ಉತ್ತರ: ಬರೆಯಿರಿ. ಖಾಲಿ ಕುರ್ಚಿಗಳ ನೆಮ್ಮದಿ ನಿಮಗೆ, ಬಾಡಿಗೆಯ ಹೊರೆ ಹೋಟೆಲಿನವರಿಗೆ. ಹಾರ್ವರ್ಡಿನ ಮೈಕೆಲ್ ಲೂಕಾ ಎಂಬ ವಿದ್ವಾಂಸರು 2011ರಲ್ಲಿ ಯೆಲ್ಪ್ ತಾಣದ ಅಂಕಗಳನ್ನು ಅಮೆರಿಕದ ಸಿಯಾಟಲ್ ನಗರದ ಹೋಟೆಲುಗಳ ವರಮಾನದ ಜೊತೆ ಹೋಲಿಸಿ ನೋಡಿದ್ದರು. ಒಂದು ನಕ್ಷತ್ರ ಏರಿದರೆ ವರಮಾನ ಶೇ. 5ರಿಂದ 9ರಷ್ಟು ಏರುತ್ತಿತ್ತು. ಅದೂ ಸ್ವತಂತ್ರ ಹೋಟೆಲುಗಳಿಗೆ ಮಾತ್ರ. ಊರೂರಲ್ಲಿ ಶಾಖೆಯಿರುವ ದೊಡ್ಡ ಹೆಸರುಗಳಿಗೆ ಯಾರ ಹೊಗಳಿಕೆಯೂ ನಾಟಲಿಲ್ಲ. ನಿಮ್ಮ ಮೂಲೆಯ ಮೇಜು ಯಾವುದು ಎಂಬುದನ್ನು ಮಾತ್ರ ಬರೆಯಬೇಡಿ.

ತೆಗಳುವುದಾದರೆ ಇನ್ನೊಮ್ಮೆ ಹೋಗಿ ಉಂಡು ಬಂದ ಮೇಲೆ ತೆಗಳಿ. ಸಿನಿಮಾ ಎಲ್ಲ ದಿನವೂ ಒಂದೇ. ಅಡುಗೆಯವನಿಗೆ ಜ್ವರ ಬಂದ ದಿನ ನೀವು ಹೋಗಿರಬಹುದು.

ಪ್ರಶ್ನೆ: ಕಳೆದ ವಾರ ನೀವು ಹೋದ ಹೋಟೆಲು ಹೇಗಿತ್ತು?

ಉತ್ತರ: ಊಟ ಚೆನ್ನಾಗಿತ್ತು. ಮಾರನೆಯ ದಿನ ನಾನು ನೋಡಬೇಕೆಂದಿದ್ದ ಸಿನಿಮಾದ ಕೊನೆಯನ್ನು ಪಕ್ಕದ ಮೇಜಿನವರು ಗಟ್ಟಿಯಾಗಿ ಹೇಳಿಬಿಟ್ಟರು. ಅಂಕವನ್ನು ಹೋಟೆಲಿಗೆ ಕಳೆಯಲೋ ಸಿನಿಮಾಕ್ಕೆ ಕಳೆಯಲೋ, ಇನ್ನೂ ತೀರ್ಮಾನಿಸಿಲ್ಲ.