ಹಳೆಯ ಮೇಲ್ ಅಳಿಸಿದರೂ ಎಕ್ಸ್‌ಚೇಂಜ್ (ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್) ಡೇಟಾಬೇಸ್ ಫೈಲ್ ಚಿಕ್ಕದಾಗುತ್ತಿಲ್ಲ, ಡಿಸ್ಕ್ ತುಂಬುತ್ತಿದೆ. ತಿಂಗಳಿಗೊಮ್ಮೆ ಆಫ್‌ಲೈನ್ ಡಿಫ್ರಾಗ್ (ಡೇಟಾಬೇಸ್ ನಿಲ್ಲಿಸಿ, ಖಾಲಿ ಜಾಗ ತೆಗೆದು ಫೈಲ್ ಕುಗ್ಗಿಸುವುದು) ಮಾಡಬೇಕೇ?

ಬೇಡ. ಎಕ್ಸ್‌ಚೇಂಜ್ 2010 ಅಥವಾ ಅದಕ್ಕಿಂತ ಹೊಸದಾಗಿದ್ದರೆ ಡೇಟಾಬೇಸ್ ಓಡುತ್ತಿರುವಾಗಲೇ ಒಳಗಿನ ಡಿಫ್ರಾಗ್, ಚೆಕ್‌ಸಮ್ ಪರಿಶೀಲನೆ (ಪುಟಗಳು ಕೆಟ್ಟಿವೆಯೇ ಎಂಬ ತಪಾಸಣೆ) ಹಿನ್ನೆಲೆಯಲ್ಲಿ ನಡೆಯುತ್ತಿರುತ್ತವೆ. ಆಫ್‌ಲೈನ್ ಡಿಫ್ರಾಗನ್ನು ಮಾಮೂಲಿ ಕೆಲಸಗಳ ಪಟ್ಟಿಗೆ ಸೇರಿಸುವುದನ್ನು ನಾನಂತೂ ಒಪ್ಪುವುದಿಲ್ಲ.

ಅಳಿಸಿದ ಮೇಲ್ ಡೀಫಾಲ್ಟ್ ಆಗಿ 14 ದಿನ, ಅಳಿಸಿದ ಮೇಲ್‌ಬಾಕ್ಸ್ 30 ದಿನ ಡೇಟಾಬೇಸಿನಲ್ಲೇ ಇರುತ್ತವೆ. ಅವಧಿ ಮುಗಿದ ಮೇಲೂ ಇಡಿಬಿ ಫೈಲ್ (ಡೇಟಾಬೇಸ್ ಫೈಲ್) ಕುಗ್ಗುವುದಿಲ್ಲ. ಖಾಲಿಯಾದ ಪುಟಗಳು ಒಳಗೇ ಉಳಿದು ಹೊಸ ಮೇಲ್‌ಗೆ ಬಳಕೆಯಾಗುತ್ತವೆ. 300 ಜಿಬಿ ಫೈಲಿನಲ್ಲಿ 80 ಜಿಬಿ ಖಾಲಿ ಇದ್ದರೆ, ಅದು ತುಂಬುವವರೆಗೆ ಫೈಲ್ ಹೆಚ್ಚೇನೂ ಬೆಳೆಯದು. ಮ್ಯಾನೇಜ್‌ಮೆಂಟ್ ಶೆಲ್‌ನಲ್ಲಿ 'ಗೆಟ್-ಮೇಲ್‌ಬಾಕ್ಸ್‌ಡೇಟಾಬೇಸ್ -ಸ್ಟೇಟಸ್' ಕೊಟ್ಟು 'ಅವೈಲಬಲ್‌ನ್ಯೂಮೇಲ್‌ಬಾಕ್ಸ್‌ಸ್ಪೇಸ್' ಎಷ್ಟಿದೆ ನೋಡಿ. ನಿಜವಾದ ಖಾಲಿ ಜಾಗ ಅದಕ್ಕಿಂತ ಹೆಚ್ಚೂ ಇರಬಹುದು.

ಡಿಸ್ಕ್ ತುಂಬುತ್ತಿದೆ ಎಂದಿರಲ್ಲ, ಮೊದಲು ಲಾಗ್ ಫೋಲ್ಡರ್ (ಡೇಟಾಬೇಸಿನ ಪ್ರತಿ ಬದಲಾವಣೆ ದಾಖಲಾಗುವ ಫೈಲುಗಳಿರುವ ಜಾಗ) ತೆರೆಯಿರಿ. 1 ಎಂಬಿಯ ಲಾಗ್ ಫೈಲುಗಳು ಸಾವಿರಗಟ್ಟಲೆ ಬಿದ್ದಿದ್ದರೆ ತೊಂದರೆ ಬ್ಯಾಕಪ್‌ನದು. ಎಕ್ಸ್‌ಚೇಂಜ್ ಅನ್ನು ಅರಿತ, ವಿಎಸ್‌ಎಸ್ (ವಿಂಡೋಸ್‌ನ ಸ್ನ್ಯಾಪ್‌ಶಾಟ್ ಸೇವೆ) ಮೂಲಕ ನಡೆಯುವ ಫುಲ್ ಅಥವಾ ಇನ್‌ಕ್ರಿಮೆಂಟಲ್ ಬ್ಯಾಕಪ್ ಯಶಸ್ವಿಯಾದರೆ ಹಳೆಯ ಲಾಗ್‌ಗಳು ತೆರವಾಗುತ್ತವೆ. ಬರೀ ಫೈಲ್ ಕಾಪಿ ಮಾಡಿದರೆ ಆಗುವುದಿಲ್ಲ. ಡಿಎಜಿಯಲ್ಲಿ (ಒಂದೇ ಡೇಟಾಬೇಸಿನ ಕಾಪಿಗಳನ್ನು ಇಟ್ಟುಕೊಳ್ಳುವ ಸರ್ವರ್ ಗುಂಪು) ಒಂದು ಕಾಪಿ ಸಸ್ಪೆಂಡ್ ಆಗಿ ಬಿದ್ದಿದ್ದರೂ ಲಾಗ್ ಕರಗದೆ ನಿಲ್ಲುತ್ತದೆ. ದಯವಿಟ್ಟು ಕೈಯಿಂದ ಅಳಿಸಬೇಡಿ. ಸರ್ವರ್ ಅಚಾನಕ್ ನಿಂತು ಡೇಟಾಬೇಸ್ 'ಡರ್ಟಿ ಶಟ್‌ಡೌನ್' (ಲಾಗ್‌ನಲ್ಲಿರುವ ಬದಲಾವಣೆಗಳು ಫೈಲಿಗೆ ಪೂರ್ತಿ ಸೇರದ) ಸ್ಥಿತಿಗೆ ಹೋದರೆ, ಬೇಕಾದ ಲಾಗ್ ಇಲ್ಲದೆ ಅದು ಮೌಂಟ್ ಆಗುವುದೇ (ಚಾಲೂ ಆಗುವುದೇ) ಇಲ್ಲ. ಸರ್ಕ್ಯುಲರ್ ಲಾಗಿಂಗ್ (ಬ್ಯಾಕಪ್‌ಗೆ ಕಾಯದೆ ಹಳೆಯ ಲಾಗ್ ತೆರವು ಮಾಡುವುದು) ಹಾಕಿದರೆ ಜಾಗ ಉಳಿಯುತ್ತದೆ, ಆದರೆ ಬ್ಯಾಕಪ್‌ನಿಂದ ಮರಳಿ ತರುವಾಗ ಕೊನೆಯ ಫುಲ್ ಬ್ಯಾಕಪ್‌ನ ಆಚೆಗಿನ ಮೇಲ್ ಸಿಗದು.

ಫೈಲನ್ನು ನಿಜಕ್ಕೂ ಚಿಕ್ಕದು ಮಾಡಲೇಬೇಕಿದ್ದರೆ ಹೊಸ ಡೇಟಾಬೇಸ್ ಮಾಡಿ, 'ನ್ಯೂ-ಮೂವ್‌ರಿಕ್ವೆಸ್ಟ್' ಮೂಲಕ ಮೇಲ್‌ಬಾಕ್ಸ್‌ಗಳನ್ನು ಅಲ್ಲಿಗೆ ಸಾಗಿಸಿ. ಕೆಲಸದ ನಡುವೆಯೇ ಸಾಗುತ್ತದೆ, ಬಳಕೆದಾರರಿಗೆ ಅಡ್ಡಿಯೂ ಕಡಿಮೆ. ಎಡವುವುದು ಇಲ್ಲಿ: 220 ಜಿಬಿ ಸಾಗಿಸಿದರೆ ಹೊಸ ಕಡೆ ಹತ್ತಿರಹತ್ತಿರ ಅಷ್ಟೇ ಗಾತ್ರದ ಲಾಗ್ ಹುಟ್ಟುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪವೇ ಸಾಗಿಸಿ, ನಡುನಡುವೆ ಬ್ಯಾಕಪ್ ತೆಗೆಯಿರಿ. ಆರ್ಕೈವ್, ಆರ್ಬಿಟ್ರೇಶನ್ (ಎಕ್ಸ್‌ಚೇಂಜ್ ತನ್ನ ಕೆಲಸಕ್ಕೆ ಇಟ್ಟುಕೊಳ್ಳುವ) ಮೇಲ್‌ಬಾಕ್ಸ್‌ಗಳನ್ನೂ ಸಾಗಿಸದಿದ್ದರೆ ಹಳೆಯ ಡೇಟಾಬೇಸ್ ತೆಗೆಯಲು ಬಿಡುವುದಿಲ್ಲ. ತೆಗೆದ ಮೇಲೂ ಇಡಿಬಿ ಫೈಲ್ ಡಿಸ್ಕ್‌ನಲ್ಲೇ ಇರುತ್ತದೆ. ಅದನ್ನು ನೀವೇ ಅಳಿಸಬೇಕು.

ಹೊಸ ಡೇಟಾಬೇಸ್‌ಗೆ ದಾರಿಯೇ ಇಲ್ಲದಿದ್ದರೆ ಆಫ್‌ಲೈನ್ ಡಿಫ್ರಾಗ್ ಮಾಡುವ 'ಇಎಸ್‌ಇಯುಟಿಲ್ /ಡಿ' ಆಜ್ಞೆ ಇದೆ. ಫುಲ್ ಬ್ಯಾಕಪ್ ತೆಗೆದು, ಡಿಸ್‌ಮೌಂಟ್ ಮಾಡಿ (ಡೇಟಾಬೇಸ್ ನಿಲ್ಲಿಸಿ), ಅದೇ ಆಜ್ಞೆಗೆ '/ಎಂಎಚ್' ಕೊಟ್ಟು 'ಕ್ಲೀನ್ ಶಟ್‌ಡೌನ್' ಎಂದು ತೋರಿಸುತ್ತದೆಯೇ ನೋಡಿಕೊಳ್ಳಿ. ಅದು ಹೊಸ ಫೈಲಿಗೆ ಎಲ್ಲವನ್ನೂ ನಕಲಿಸುವುದರಿಂದ ಉಳಿಯುವ ಡೇಟಾದ ಶೇ. 110ರಷ್ಟು ಖಾಲಿ ಜಾಗ ಬೇಕು, 220 ಜಿಬಿಗೆ ಸುಮಾರು 242. ಮುಗಿಯುವವರೆಗೆ ಆ ಡೇಟಾಬೇಸಿನ ಯಾರಿಗೂ ಮೇಲ್ ಇರುವುದಿಲ್ಲ. ಮುಗಿದೊಡನೆ ಮತ್ತೆ ಫುಲ್ ಬ್ಯಾಕಪ್ ತೆಗೆಯಿರಿ: ಡೇಟಾಬೇಸಿನ ಸಿಗ್ನೇಚರ್ (ಗುರುತು) ಬದಲಾಗಿರುವುದರಿಂದ ಹಳೆಯ ಲಾಗ್‌ಗಳು ಇದಕ್ಕೆ ಹೊಂದುವುದಿಲ್ಲ. ಡಿಎಜಿ ಇದ್ದರೆ ಉಳಿದ ಕಾಪಿಗಳನ್ನೂ ಹೊಸದಾಗಿ ಸೀಡ್ ಮಾಡಬೇಕು (ಮೊದಲಿನಿಂದ ನಕಲಿಸಬೇಕು).

ಇಎಸ್‌ಇಯುಟಿಲ್‌ನ '/ಪಿ' ಬೇರೆಯೇ ಸಂಗತಿ. ಅದು ಕೆಟ್ಟ ಪುಟಗಳನ್ನು ಕಿತ್ತೆಸೆದು ರಿಪೇರಿ ಮಾಡುತ್ತದೆ, ಮೇಲ್ ಕಳೆದುಹೋಗಬಹುದು. ಬ್ಯಾಕಪ್ ಒಂದೂ ಉಳಿದಿಲ್ಲದಾಗ ಮಾತ್ರ ಅದನ್ನು ಮುಟ್ಟಿ.